ತವರಿಗೆ ಬಂದ ಬಾಣಂತಿ: ಮನೆಗೆ ಯಾರು ಬರಬೇಕು, ಬಂದು ಏನು ನೋಡಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಆಯಿತು, ಹೊಲಿಗೆ ಹಾಕಿದ್ದಾರೆ. ಹೆಣ್ಣು ಕೂಸು, ಹುಟ್ಟಿದಾಗ 2.3 ಕೆಜಿ. ಮೂರನೇ ದಿನ ಮನೆಗೆ ಕಳಿಸಿದರು, ಇವತ್ತಿಗೆ ಐದನೇ ದಿನ. ಒಂಬತ್ತನೇ ತಿಂಗಳಲ್ಲಿ ಬಿಪಿ ಸ್ವಲ್ಪ ಜಾಸ್ತಿ ಇದೆ ಎಂದಿದ್ದರು. ತಾಯಿ ಕಾರ್ಡ್ ಹುಬ್ಬಳ್ಳಿಯದು. ಮನೆಗೆ ಇನ್ನೂ ಯಾರೂ ಬಂದಿಲ್ಲ. ಏಜೆನ್ಸಿಯವರು ಹೋಂ ನರ್ಸ್ ಕಳಿಸುತ್ತಾರಂತೆ. ಊರಲ್ಲಿ ತಾಯಿ-ಕೂಸಿಗೆ ಎರೆಯುವ ಅಜ್ಜಿಯೂ ಇದ್ದಾಳೆ. ನಾವು ಯಾರನ್ನು ಕರೆಯಬೇಕು?

ಉತ್ತರ: ಮೊದಲು ಇವತ್ತೇ ಆಗಬೇಕಾದ ಕೆಲಸ. ಮಗಳ ಬಿಪಿ ನೋಡಿಸಿ. ಹೆರಿಗೆ ಆದಮೇಲೆ ಬಿಪಿ ತಾನಾಗಿ ಇಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಹೆರಿಗೆಯಾದ ಮೂರನೇ ದಿನದಿಂದ ಆರನೇ ದಿನದೊಳಗೆ ಅದು ಮತ್ತೆ ಏರುವುದು ಸಾಮಾನ್ಯ, ಅದೂ ಬಾಣಂತಿ ಆಸ್ಪತ್ರೆ ಬಿಟ್ಟು ಮನೆಗೆ ಬಂದಿರುವ ಹೊತ್ತಿನಲ್ಲಿ. ನಿಮ್ಮ ಮಗಳು ಈಗ ಆ ದಿನಗಳಲ್ಲೇ ಇದ್ದಾಳೆ. ಹತ್ತಿರದ ಉಪಕೇಂದ್ರದಲ್ಲಿ ಸಿಸ್ಟರ್ ಇಲ್ಲವೇ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಬಿಪಿ ಯಂತ್ರವೂ ಇರುತ್ತದೆ. ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ನೋಡಬೇಕು. ನಡೆದು ಬಂದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ. 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. 160/110 ಮುಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಂಖ್ಯೆ ಎಷ್ಟೇ ಇರಲಿ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಇವುಗಳಲ್ಲಿ ಒಂದು ಕಂಡರೂ 108. ನಿದ್ದೆಗೆಟ್ಟು ತಲೆನೋವು ಬಂದಿದೆ ಎಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ಅಪ್ಪಿತಪ್ಪಿ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಇದರಿಂದೆಲ್ಲ ಹೊತ್ತು ಹೋಗುತ್ತದೆ ಅಷ್ಟೇ.

ಇನ್ನು, ಯಾರೂ ಯಾಕೆ ಬಂದಿಲ್ಲ ಎಂಬ ಮಾತು. ಬಹುಶಃ ನಿಮ್ಮ ಮಗಳು ತವರಲ್ಲಿ ಹಡೆದಿರುವುದು ನಿಮ್ಮೂರ ಆಶಾ ಕಾರ್ಯಕರ್ತೆಗೆ ಗೊತ್ತೇ ಇಲ್ಲ. ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬ ಲೆಕ್ಕ. ತನ್ನ ಊರಿನ ಗರ್ಭಿಣಿಯರ ಹೆಸರು ಅವಳ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಮಗಳ ಹೆಸರು ಹುಬ್ಬಳ್ಳಿಯ ಪುಸ್ತಕದಲ್ಲಿದೆ. ಅಲ್ಲಿನ ಆಶಾ ‘ತವರಿಗೆ ಹೋದಳು’ ಎಂದು ಬಿಟ್ಟಳು, ಇಲ್ಲಿನ ಆಶಾಳ ಪಟ್ಟಿಯಲ್ಲಿ ಹೆಸರೇ ಇಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆನ್ನುವ ಪದ್ಧತಿ ಇರುವಾಗ ಈ ತೊಡಕು ಮನೆಮನೆಯದೂ ಹೌದು. ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಸರಿಪಡಿಸುವುದು ಮಾತ್ರ ಸುಲಭ. ತಾಯಿ ಕಾರ್ಡ್‌ನಲ್ಲಿ 12 ಅಂಕಿಯ ಆರ್‌ಸಿಎಚ್ ಸಂಖ್ಯೆ, ಅಂದರೆ ಸರ್ಕಾರದ ತಾಯಿ-ಮಕ್ಕಳ ಆರೋಗ್ಯ ದಾಖಲೆಯ ಸಂಖ್ಯೆ, ಇರುತ್ತದೆ. ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎರಡನ್ನೂ ಆಶಾಗೆ ತೋರಿಸಿ. ಆ ಸಂಖ್ಯೆಯಿಂದ ಸಿಸ್ಟರ್ ಹಳೆಯ ದಾಖಲೆ ಹುಡುಕಬಹುದು, ಹೊಸ ಕಾರ್ಡ್ ಮಾಡಿಸಬೇಕಾಗಿಲ್ಲ. ಆಶಾ ಯಾರೆಂದು ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ಕೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ದಾಖಲೆಯಲ್ಲಿ ಹೆಸರು ಸೇರುವುದು ಆಶಾಗೂ ಬೇಕು. ಎಲ್ಲ ಭೇಟಿ ಮುಗಿಸಿ, ಕೂಸಿನ ತೂಕ, ಲಸಿಕೆ, ಜನನ ನೋಂದಣಿ ದಾಖಲಾಗಿ, 42 ದಿನಕ್ಕೆ ತಾಯಿ-ಮಗು ಕ್ಷೇಮವಾಗಿದ್ದರೆ ಅವಳಿಗೆ ಸಿಗುವುದು 250 ರೂಪಾಯಿ. ಕೆಲಸಕ್ಕೆ ಹೋಲಿಸಿದರೆ ಆ ದುಡ್ಡು ಏನೇನೂ ಅಲ್ಲ. ದಾಖಲೆ ಇಲ್ಲದಿದ್ದರೆ ಅದೂ ಇಲ್ಲ.

ಆಶಾ ಮನೆಗೆ ಬಂದು ನೋಡುವ, ನವಜಾತ ಶಿಶುವಿನ ಮನೆ ಆರೈಕೆ ಎಂಬ ಈ ಕಾರ್ಯಕ್ರಮ 2011ರಲ್ಲಿ ಶುರುವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲೇ ಹೆರಿಗೆ ಆಗಿಬಿಟ್ಟರೆ ಮೊದಲ ದಿನದ್ದೂ ಸೇರಿ ಏಳು. ಸಿಸೇರಿಯನ್ ಆದವರು ತಡವಾಗಿ ಮನೆಗೆ ಬರುವುದರಿಂದ ಏಳನೇ ದಿನದಿಂದ ಲೆಕ್ಕ. ನಿಮಗೆ ಮೂರನೇ ದಿನದ ಭೇಟಿ ತಪ್ಪಿದೆ. ಏಳನೆಯದಕ್ಕೆ ಕಾಯದೆ ನಾಳೆಯೇ ಬರಲು ಕೇಳಿ.

ಆಶಾ ನರ್ಸ್ ಅಲ್ಲ. ಅವಳ ಚೀಲದಲ್ಲಿ ಡಿಜಿಟಲ್ ಥರ್ಮಾಮೀಟರ್, ತೂಗುವ ಜೋಳಿಗೆ ತಕ್ಕಡಿ, ಉಸಿರು ಎಣಿಸಲು ಗಡಿಯಾರ ಇರುತ್ತವೆ. ಕೂಸನ್ನು ನೋಡಲು ಅಷ್ಟು ಸಾಕು. ಬಾಣಂತಿಯ ಬಿಪಿ, ರಕ್ತದ ಅಂಶ, ಹೊಲಿಗೆ, ಗರ್ಭಕೋಶ ನೋಡುವುದು ಸಿಸ್ಟರ್ ಕೆಲಸ. ಸಿಸ್ಟರ್ ಎಂದರೆ ಉಪಕೇಂದ್ರದ ಎಎನ್‌ಎಂ, ಅಂದರೆ ಸಹಾಯಕ ದಾದಿ; ಆ ಹಳೆಯ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಹೆಸರು. ಊರವರ ಬಾಯಲ್ಲಿ ಅವರು ಇನ್ನೂ ನರ್ಸಮ್ಮನೇ. ಬಯಲುಸೀಮೆಯಲ್ಲಿ ಸುಮಾರು 5000 ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕ. ಲಸಿಕೆ, ಸಮೀಕ್ಷೆ, ಆನ್‌ಲೈನ್ ದಾಖಲೆ ಎಲ್ಲವೂ ಆ ಒಬ್ಬರ ತಲೆ ಮೇಲೆ. ಹೀಗಾಗಿ ಬಂದೇ ಬರುತ್ತಾರೆ ಎಂದು ಕೂರಬೇಡಿ. ಮೊದಲ ವಾರದಲ್ಲಿ ಒಮ್ಮೆ, ಆರನೇ ವಾರದಲ್ಲಿ ಒಮ್ಮೆ ಬಂದು ನೋಡಲು ಹೇಳಿ, ದಿನ ಗೊತ್ತು ಮಾಡಿಕೊಳ್ಳಿ.

ಈಗ ಕೂಸಿನ ವಿಷಯ. 2.5 ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎಂದೇ ಲೆಕ್ಕ. 2.3 ಇರುವ ಕೂಸನ್ನು ಮನೆಯಲ್ಲೇ ಚೆನ್ನಾಗಿ ಸಾಕಬಹುದು, ಆದರೆ ಕಣ್ಣು ತಪ್ಪಬಾರದು. ಇಂಥ ಕೂಸಿನ ತೊಂದರೆಗಳು ಮೂರು: ಬೇಗ ತಣ್ಣಗಾಗುತ್ತದೆ, ಚೀಪಲು ಬೇಗ ದಣಿಯುತ್ತದೆ, ಹಸಿದರೂ ಅಳದೆ ಮಲಗಿಬಿಡುತ್ತದೆ. ಕೊನೆಯದೇ ಜನರನ್ನು ಮೋಸ ಮಾಡುವುದು. ‘ನಮ್ಮ ಕೂಸು ಭಾಳ ಶಾಂತ, ಗದ್ದಲ ಮಾಡಂಗಿಲ್ಲ’ ಎಂದು ಹೊಗಳುತ್ತಿರುವ ಮನೆಯಲ್ಲಿ ಮೊದಲು ತಕ್ಕಡಿ ಹಿಡಿಯಬೇಕು.

ತೂಕದ ಲೆಕ್ಕ ಹೀಗೆ. ಮೊದಲ ಕೆಲವು ದಿನ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ. ಹುಟ್ಟಿದ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯಬಾರದು. ನಿಮ್ಮ ಕೂಸಿಗೆ ಅಂದರೆ 2.07 ಕೆಜಿಗಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ತುಂಬುವಾಗ ಮತ್ತೆ 2.3ಕ್ಕೆ ಬರಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ, 42ನೇ ದಿನಕ್ಕೆ ಸುಮಾರು ಮೂರು ಕೆಜಿ. ತೂಗುವಾಗ ಖಾಲಿ ಜೋಳಿಗೆ ಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು, ಕೂಸಿನ ಬಟ್ಟೆ ತೆಗೆಯಬೇಕು, ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓದಬೇಕು. ಸ್ವೆಟರ್, ಟೋಪಿ, ನೆನೆದ ಲಂಗೋಟಿ ಸಮೇತ ತೂಗಿ 150 ಗ್ರಾಂ ಏರಿದೆ ಎಂದು ಕಾರ್ಡ್‌ನಲ್ಲಿ ಬರೆದುಬಿಟ್ಟರೆ ಮುಂದಿನ ಭೇಟಿಯ ಲೆಕ್ಕವೂ ಕೆಡುತ್ತದೆ. ಆಶಾ ತೂಗುವಾಗ ಪಕ್ಕದಲ್ಲಿ ನಿಂತು ನೋಡಿ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆ ಮೀರದಂತೆ ಎಬ್ಬಿಸಿ ಹಾಲುಣಿಸಬೇಕು. ಅಂಗಾಲು ತಟ್ಟುವುದು, ಹೊದಿಕೆ ಬಿಡಿಸುವುದು ಮಾಡಿದರೆ ಎಚ್ಚರಾಗುತ್ತದೆ. ಬಾಯಿ ಅಗಲವಾಗಿ ತೆರೆದು, ಮೊಲೆತೊಟ್ಟಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗವೂ ಹೆಚ್ಚುಕಡಿಮೆ ಒಳಗೆ ಹೋಗಬೇಕು, ಗದ್ದ ಮೊಲೆಗೆ ತಾಗಿರಬೇಕು. ತೊಟ್ಟನ್ನಷ್ಟೇ ಕಚ್ಚಿದರೆ ತಾಯಿಗೆ ತೊಟ್ಟು ಸೀಳುತ್ತದೆ, ಕೂಸಿಗೆ ಹಾಲು ಬರುವುದಿಲ್ಲ. ಆಮೇಲೆ ‘ಹಾಲು ಸಾಲದು’ ಎಂದು ಬಾಟಲಿ ಬರುತ್ತದೆ. ಐದಾರು ನಿಮಿಷಕ್ಕೇ ದಣಿದು ನಿದ್ದೆ ಹೋದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ಹೆಬ್ಬೆರಳು, ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಹತ್ತಿರ ತಂದು ಹಿಂಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು. ಒಳಲೆಯನ್ನು ತೊಳೆದು ಹತ್ತು ನಿಮಿಷ ಕುದಿಸಿ. ಕುಡಿಸುವಾಗ ಕೂಸನ್ನು ಅರ್ಧ ಎತ್ತಿ ಕೂರಿಸಿಕೊಂಡು ತುದಿಯನ್ನು ಬಾಯಿಯ ಮೂಲೆಗೆ ತಾಗಿಸಿದರೆ ತಾನೇ ನೆಕ್ಕುತ್ತದೆ. ಮಲಗಿಸಿಕೊಂಡು ಗಂಟಲಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಿಂಡಿಟ್ಟ ಹಾಲನ್ನು ನಮ್ಮ ಸೆಕೆಗೆ ನಾಲ್ಕು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರ ಹೋದರೆ ಹಾಲು ಸಾಕಾಗುತ್ತಿದೆ ಎಂದರ್ಥ.

ಬೆಚ್ಚಗಿಡುವುದಕ್ಕೆ ತಾಯಿಯ ಎದೆಗಿಂತ ಒಳ್ಳೆಯ ಜಾಗ ಇಲ್ಲ. ಕೂಸಿಗೆ ಟೋಪಿ, ಲಂಗೋಟಿ ಮಾತ್ರ ಇರಲಿ. ತಾಯಿಯ ಎರಡು ಸ್ತನಗಳ ನಡುವೆ ನೇರವಾಗಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕೈಕಾಲು ಮಡಚಿ ಒರಗಿಸಿ ಹಳೆಯ ಸೀರೆಯಿಂದ ಕಟ್ಟಿ, ಮೇಲೆ ಹೊದಿಕೆ ಹಾಕಿ. ಮೂಗು ಮುಚ್ಚದಂತೆ ನೋಡಿ. ಒಂದು ಸಲಕ್ಕೆ ಕನಿಷ್ಠ ಒಂದು ಗಂಟೆ, ದಿನದಲ್ಲಿ ಎಷ್ಟು ಸಾಧ್ಯವೋ ಅಷ್ಟು. ಮಗಳಿಗೆ ನಿದ್ದೆ ಬೇಕಾದಾಗ ನೀವೂ ಕಟ್ಟಿಕೊಳ್ಳಬಹುದು, ಅಳಿಯ ಬಂದರೆ ಅವರೂ ಕಟ್ಟಿಕೊಳ್ಳಬಹುದು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಬೀಪ್ ಬರುವ ತನಕ ಹಿಡಿದರೆ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಕಡಿಮೆ ಇದ್ದರೆ ಎದೆಗೆ ಕಟ್ಟಿಕೊಂಡು ಹಾಲುಣಿಸಿ. ಒಂದು ಗಂಟೆಯಲ್ಲಿ ಏರದಿದ್ದರೆ, ಅಥವಾ ಮೊದಲೇ 96.8ಕ್ಕಿಂತ ಕೆಳಗಿದ್ದರೆ, ಆಸ್ಪತ್ರೆಗೆ ಹೊರಡಿ. ಎದೆಗೆ ಕಟ್ಟಿಕೊಂಡೇ ಒಯ್ಯಿರಿ.

ಬಿಸಿಲುಕಾಲದಲ್ಲಿ ನಮ್ಮ ಕಡೆ ಇದರ ಉಲ್ಟಾ ತಪ್ಪೂ ನಡೆಯುತ್ತದೆ. ತಗಡಿನ ಮನೆ, ಕಿಟಕಿ ಮುಚ್ಚಿದ ಕೋಣೆ, ಮೂರು ಪದರ ಬಟ್ಟೆ, ಮೇಲೆ ರಗ್ಗು. ಹಾಲೂ ಸಾಲದೆ ಹೋದಾಗ ಕೂಸಿನ ಮೈ ಸುಡುತ್ತದೆ. 99.5 ದಾಟಿದರೆ ಬಟ್ಟೆ ಸಡಿಲಿಸಿ, ಹಾಲುಣಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ವೈದ್ಯರ ಬಳಿಗೆ. 100.4 ಮುಟ್ಟಿದ್ದರೆ ಆ ಅರ್ಧ ಗಂಟೆಯೂ ಕಾಯಬಾರದು, ಜ್ವರದ ಔಷಧಿ ಹಾಕಿ ನೋಡೋಣ ಎನ್ನಲೂ ಬಾರದು.

ಉಸಿರನ್ನು ಕೂಸು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಳೆಗೂಸಿನ ವಿಷಯದಲ್ಲಿ ನಡೆಯುವುದಿಲ್ಲ, ಅದರ ಉಸಿರು ಏರುಪೇರಾಗಿಯೇ ಇರುತ್ತದೆ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಇದ್ದರೆ, ಪಕ್ಕೆ ಒಳಕ್ಕೆ ಎಳೆದರೆ, ಹಾಲು ಬಿಟ್ಟರೆ, ಅಂಗೈ-ಅಂಗಾಲು ಹಳದಿಯಾದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ ತಡ ಮಾಡಬೇಡಿ. ತಾಲ್ಲೂಕು ಆಸ್ಪತ್ರೆಯವರು ಬೇಕಾದರೆ ಕೊಪ್ಪಳ ಜಿಲ್ಲಾ ಆಸ್ಪತ್ರೆಯ ವಿಶೇಷ ನವಜಾತ ಶಿಶು ಆರೈಕೆ ಘಟಕಕ್ಕೆ ಕಳಿಸುತ್ತಾರೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿ ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವ ವಾಹನ, ಎಲ್ಲವೂ ಉಚಿತ.

ಎರೆಯುವ ಅಜ್ಜಿಯನ್ನು ಬೇಡ ಎನ್ನುವುದಿಲ್ಲ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ. ಬಾಣಂತಿಯ ಕೈಕಾಲು, ಬೆನ್ನಿಗೆ ಎಣ್ಣೆ ಹಚ್ಚಿ ನೀವುವುದರಲ್ಲಿ, ಧೈರ್ಯ ಹೇಳುವುದರಲ್ಲಿ ಆ ಕೈಗಳಿಗೆ ಸಾಟಿ ಇಲ್ಲ. ಆದರೆ ಒಳಗೆ ಬರುವ ಮೊದಲೇ ಕೆಲವು ಮಾತು ಸ್ಪಷ್ಟವಾಗಿ ಹೇಳಿಬಿಡಿ. ಹೊಕ್ಕುಳು ಬೀಳುವ ತನಕ ಕೂಸಿಗೆ ಎರೆಯುವುದು ಬೇಡ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ, ಒಣಗಿದ್ದರೆ ತಾನೇ ಬೀಳುತ್ತದೆ. ಮೂಗು, ಕಿವಿಗೆ ಎಣ್ಣೆ ಬಿಡಬಾರದು, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹುಟ್ಟಿದ ಕೂಸಿನ ಎದೆ ಉಬ್ಬಿರುತ್ತದೆ, ಹಾಲಿನಂಥದ್ದೂ ಬರುತ್ತದೆ. ಅದು ತಾಯಿಯ ಹಾರ್ಮೋನಿನ ಪ್ರಭಾವ, ಬಿಟ್ಟರೆ ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ಕಟ್ಟುತ್ತದೆ. ಜೇನು, ಬಜೆ, ಘುಟ್ಟಿ, ಗ್ರೈಪ್ ವಾಟರ್ ಒಂದೂ ಬೇಡ. ತಾಯಿಯ ಹೊಟ್ಟೆಯನ್ನು ಜೋರಾಗಿ ಒತ್ತಿ ನೀವುವುದು ಬೇಡ. ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡುವುದಂತೂ ಬೇಡವೇ ಬೇಡ. ಕೆಂಡದ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ತಿಳಿಯುವುದೇ ಇಲ್ಲ.

ಊಟದ ಮಾತಿಗೆ ಬಂದರೆ, ನಮ್ಮ ಅಂಟಿನುಂಡಿ, ಅಳವಿ ಪಾಯಸ, ಮೆಂತ್ಯ, ಜೋಳದ ರೊಟ್ಟಿ, ಬೇಳೆ ಎಲ್ಲ ಒಳ್ಳೆಯದೇ. ತೊಂದರೆ ಇರುವುದು ಬರೀ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಎಂದು ತಿಂಗಳುಗಟ್ಟಲೆ ಪಥ್ಯ ಹಿಡಿಸುವುದರಲ್ಲಿ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕಡಿಮೆ. ತೊಳೆದು ಗಂಜಿ ಬಸಿದರೆ ಇದ್ದದ್ದೂ ಹೋಗುತ್ತದೆ. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಎಲ್ಲಿಂದ ಬರಬೇಕು? ಹೀಗೆ ಪಥ್ಯದಲ್ಲಿದ್ದ ತಾಯಂದಿರ ಹಾಲನ್ನಷ್ಟೇ ಕುಡಿದ, ಕೆಲವೇ ತಿಂಗಳ ಮಕ್ಕಳು ಹಠಾತ್ತನೆ ಏದುಸಿರು ಬಿಡುತ್ತಾ, ದನಿ ಕಟ್ಟಿ, ಹಾಲು ಬಿಟ್ಟು ಆಸ್ಪತ್ರೆ ಸೇರಿದ್ದನ್ನೂ, ಥಯಾಮಿನ್ ಕೊಟ್ಟ ಕೂಡಲೇ ಚೇತರಿಸಿಕೊಂಡದ್ದನ್ನೂ ನಮ್ಮ ರಾಜ್ಯದ ವೈದ್ಯರೇ ದಾಖಲಿಸಿದ್ದಾರೆ. ರೊಟ್ಟಿ, ಬೇಳೆ, ಶೇಂಗಾ, ಕಾಳುಪಲ್ಯ, ಸೊಪ್ಪು ಮೊದಲ ವಾರದಿಂದಲೇ ಕೊಡಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬುದು ಸುಳ್ಳು. ನೀರು ಕುಡಿಯಲು ಬಿಡದಿದ್ದರೆ ಮಲಬದ್ಧತೆ, ಉರಿಮೂತ್ರ, ಹೊಲಿಗೆಗೆ ನೋವು. ಹಾಲುಣಿಸಲು ಕೂತಾಗಲೆಲ್ಲ ಒಂದು ದೊಡ್ಡ ಲೋಟ ನೀರು ಪಕ್ಕದಲ್ಲಿ ಇಡಿ. ಕಬ್ಬಿಣಾಂಶದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ದಿನಕ್ಕೊಂದು, ಕ್ಯಾಲ್ಸಿಯಂ ದಿನಕ್ಕೆ ಎರಡು, ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆ ಅಂತರ ಬೇಕು. ಚಹಾ ಜೊತೆಗೂ ಬೇಡ.

ಬಾಣಂತಿಯ ಹೊಟ್ಟೆ ಮುಟ್ಟಿ ನೋಡುವುದನ್ನು ಸಿಸ್ಟರ್‌ನಿಂದ ಕಲಿತುಕೊಳ್ಳಿ. ಹೊಕ್ಕುಳ ಕೆಳಗೆ ಗರ್ಭಕೋಶ ಗಟ್ಟಿ ಚೆಂಡಿನಂತೆ ಸಿಗುತ್ತದೆ, ದಿನಕ್ಕೆ ಸುಮಾರು ಒಂದು ಬೆರಳು ಇಳಿದು, ಹತ್ತು-ಹನ್ನೆರಡು ದಿನಕ್ಕೆ ಕೈಗೆ ಸಿಗುವುದಿಲ್ಲ. ಸ್ರಾವ ಮೊದಲ ನಾಲ್ಕು ದಿನ ಕೆಂಪು, ಹತ್ತು ದಿನದ ತನಕ ಕಂದು, ಆಮೇಲೆ ಹಳದಿ-ಬಿಳಿ. ನಿಂತ ಕೆಂಪು ಮತ್ತೆ ಶುರುವಾದರೆ, ದುರ್ವಾಸನೆ ಬಂದರೆ, ಜ್ವರ 100.4 ದಾಟಿದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ತೋರಿಸಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ ಕೂಡಲೇ 108. ಗಾಡಿ ಬರುವ ತನಕ ಮೂತ್ರ ಮಾಡಿಸಿ, ಗರ್ಭಕೋಶ ಮೆತ್ತಗಿದ್ದರೆ ಗಟ್ಟಿಯಾಗುವ ತನಕ ಹೊಟ್ಟೆಯ ಮೇಲಿಂದ ದುಂಡಗೆ ಉಜ್ಜಿ, ಕೂಸಿಗೆ ಹಾಲು ಕುಡಿಸಿ. ಹೊಲಿಗೆಗೆ ಪ್ರತಿ ಸಲ ಮುಂದಿನಿಂದ ಹಿಂದಕ್ಕೆ ತೊಳೆದು ಒಣಗಿಸುವುದಷ್ಟೇ ಆರೈಕೆ. ಎರಡು ವಾರ ಕಳೆದರೂ ಅಳು, ನಿದ್ದೆಗೇಡು, ಕೂಸು ಬೇಡವೆನ್ನುವ ಮಾತು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಏನಾದರೂ ಮಾಡಿಕೊಳ್ಳುವ, ಕೂಸಿಗೆ ಏನಾದರೂ ಮಾಡುವ ಮಾತಾಡಿದರೆ ಎರಡು ವಾರದ ಲೆಕ್ಕ ಇಲ್ಲ, ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೋಂ ನರ್ಸ್? ಏಜೆನ್ಸಿಗಳು ಆ ಹೆಸರಲ್ಲಿ ಕಳಿಸುವವರಲ್ಲಿ ಬಹಳ ಮಂದಿ ನರ್ಸ್ ಆಗಿರುವುದಿಲ್ಲ, ಆರೈಕೆ ಸಹಾಯಕಿಯರು. ನರ್ಸ್ ಎಂದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಆದವರು. ನೋಂದಣಿ ಪತ್ರ ಕೇಳಿ ನೋಡಿ. ಇಲ್ಲ ಎಂದರೆ ನರ್ಸ್ ದರ ಕೊಡಬೇಡಿ. ನಿಮ್ಮ ಮನೆಗೆ ಬೇಕಿರುವುದು, ನನ್ನ ಪ್ರಕಾರ, ಬಟ್ಟೆ ಒಗೆದು, ಅಡುಗೆ ಮಾಡಿ, ಮಗಳಿಗೆ ಹಗಲು ಎರಡು ಗಂಟೆ ನಿದ್ದೆ ಸಿಗುವಂತೆ ಮಾಡುವ ಒಬ್ಬ ಹೆಂಗಸು. ಆ ಕೆಲಸಕ್ಕೆ ನರ್ಸ್ ಬೇಡ. ಬಿಪಿ ಏರಿಯೇ ಇದ್ದು ದಿನಾ ನೋಡಬೇಕು ಎಂದು ವೈದ್ಯರು ಹೇಳಿ, ಸಿಸ್ಟರ್‌ಗೆ ದಿನಾ ಬರಲು ಆಗದಿದ್ದರೆ ಮಾತ್ರ ಒಂದು ವಾರಕ್ಕೆ ನೋಂದಾಯಿತ ನರ್ಸ್ ಇಟ್ಟುಕೊಳ್ಳುವುದು ಸಾರ್ಥಕ. ಯಾರೇ ಬರಲಿ, ವೈದ್ಯರ ಚೀಟಿ ಇಲ್ಲದೆ ಇಂಜೆಕ್ಷನ್, ‘ಶಕ್ತಿಗೆ’ ಎಂದು ಗ್ಲೂಕೋಸ್ ಬಾಟಲಿ, ಆಂಟಿಬಯಾಟಿಕ್ ಮನೆಯಲ್ಲಿ ಕೊಡಲು ಬಿಡಬೇಡಿ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಗಿರುವುದರಿಂದ ಅಲ್ಲೇ ವಿಚಾರಿಸಿ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ಲಸಿಕೆ ಮೂರೂ ಕಾರ್ಡ್‌ನಲ್ಲಿ ಬರೆದಿವೆಯೇ ನೋಡಿ. ಮುಂದಿನ ಲಸಿಕೆ ಆರು ವಾರಕ್ಕೆ. ಮಗಳು ಇಲ್ಲೇ ಇದ್ದರೆ ಇಲ್ಲಿಯೇ, ಹೆಚ್ಚಿನ ಕಡೆ ಗುರುವಾರ, ಹಾಕಿಸಿ. ಹುಬ್ಬಳ್ಳಿಗೆ ಮರಳುವ ವಾರ ಅಲ್ಲಿನ ಆಶಾಗೆ ಫೋನ್ ಮಾಡಿ ದಿನ ತಿಳಿಸಿ. ಮೂರನೇ ತಿಂಗಳಿಂದ ಹದಿನೈದನೇ ತಿಂಗಳ ತನಕ ಮೂರು ತಿಂಗಳಿಗೊಮ್ಮೆ ಮನೆ ಭೇಟಿ ಅವಳ ಪಾಲಿಗಿದೆ. ಈಗ ಇಲ್ಲಿ ಆದ ಹಾಗೆ ಅಲ್ಲಿಯೂ ಕೂಸಿನ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದು ಬೇಡ.